ಪ್ರಮಾಣದ ಹಿಂದಿನ ದಿನ ಗೇರ್ ಪೆಟ್ಟಿಗೆ ಬಿಚ್ಚಿದ್ದು

ನನ್ನ ತಮ್ಮನು ನೆರೆಮನೆಯವನ ದವಡೆಗೆ ಜಲ್ಲದಿಂದ ಹೊಡೆದುದನ್ನು ನಾನು ಕಣ್ಣಾರೆ ಕಂಡೆ. ಜಲ್ಲವೆಂದರೆ ಆಳವಿಲ್ಲದ ನೀರಿನಲ್ಲಿ ದೋಣಿ ನೂಕುವ ಬಿದಿರಿನ ಗಳ. ಅದರ ಬುಡವು ಆ ಮನುಷ್ಯನ ಮುಖಕ್ಕೆ ತಗುಲಿದಾಗ ತೆಂಗಿನಕಾಯಿಯನ್ನು ಕಲ್ಲಿಗೆ ಅಪ್ಪಳಿಸಿದಂಥ ಸದ್ದಾಯಿತು. ಆತ ಮರಳಿನ ಮೇಲೆ ಮಂಡಿಯೂರಿ, ಬಾಯಲ್ಲಿ ತುಂಬಿದ ರಕ್ತವನ್ನೂ ಅದರೊಡನೆ ಬಂದ ಹಲ್ಲುಗಳನ್ನೂ ಅಂಗೈಗೆ ಉಗುಳಿ, ಅದೇ ಕೈಯನ್ನು ತಮ್ಮನ ಮುಂದೆ ಚಾಚಿ ಹೇಳಿದ: "ಹಾಗಾದರೆ ಪ್ರಮಾಣ ಮಾಡು."

ನಮ್ಮದು ತಲೆತಲಾಂತರದಿಂದ ಕಡಲನ್ನು ನಂಬಿದ ಮನೆ. ಹಿರಿಯನಾದ ನಾನು ದೈವಾನುಗ್ರಹದಿಂದ ಸಂಸ್ಕೃತ ಕಲಿತು, ಅದನ್ನೇ ಕಲಿಸಿ, ನಿವೃತ್ತನಾಗಿ ಉರ್ವದಲ್ಲಿ ನೆಲೆಸಿದ್ದೇನೆ. ತಮ್ಮನು ಕುಲದ ಕಸುಬನ್ನು ಹಿಡಿದು, ಉರ್ವದಿಂದ ಕೆಳಗಿಳಿದರೆ ಸಿಗುವ ನದೀತೀರದ ಮನೆಯಲ್ಲಿದ್ದಾನೆ. ಬೆಳಗಿನ ಪೂಜೆ, ಪಾರಾಯಣ ಮುಗಿಸಿ ಅಲ್ಲಿಗೆ ನಡೆದುಹೋಗಿ, ದೋಣಿಗಳು ಮರಳುವುದನ್ನು ನೋಡಿ ಬರುವುದು ನನ್ನ ನಿತ್ಯದ ಕ್ರಮ. ಆ ದಿನವೂ ಹಾಗೆಯೇ ಹೋಗಿದ್ದೆ.

ಜಗಳಕ್ಕೆ ಕಾರಣ ಒಂದು ಬಲೆ. ನೆರೆಮನೆಯವನು, ನದಿ ಕಡಲನ್ನು ಸೇರುವ ಅಳಿವೆಯ ಬಾಯಲ್ಲಿ ಇಳಿಸಿಟ್ಟ ಬಲೆಯು ಬೆಳಗಾಗುವಾಗ ನಡುವೆಯೇ ಸೀಳಿಹೋಗಿತ್ತು. ಆ ದಾರಿಯಾಗಿ ನಸುಕಿನಲ್ಲಿ ಹೋದದ್ದು ತಮ್ಮನ ದೋಣಿಯೊಂದೇ ಎಂದು ಆತ ಹೇಳಿದ. ತಾನು ಬಲೆಯನ್ನು ಕಂಡೇ ಇಲ್ಲವೆಂದು ತಮ್ಮ ಹೇಳಿದ. ಒಮ್ಮೆ ಒಂದೇ ದೋಣಿಯಲ್ಲಿ ದುಡಿದ ಇಬ್ಬರು, ನಾಲ್ಕು ಮಾತು ಮುಗಿಯುವುದರೊಳಗೆ ಒಬ್ಬರ ರಕ್ತವನ್ನು ಇನ್ನೊಬ್ಬರು ಕಂಡರು.

ನಮ್ಮ ಸಮಾಜದ ಮುಖ್ಯಸ್ಥರಾದ ಗುರಿಕಾರರು ಎರಡೂ ಕಡೆಯವರನ್ನು ಕರೆಸಿ, ಸಂಕ್ರಮಣದ ಬೆಳಿಗ್ಗೆ ದೈವದ ಮುಂದೆ ತಮ್ಮನು ಪ್ರಮಾಣ ಮಾಡಲಿ ಎಂದು ತೀರ್ಮಾನಿಸಿದರು. ತುಳುವರಾದ ನಾವು ದೈವವನ್ನು ಸತ್ಯವೆಂದೇ ಕರೆಯುವವರು. ಅದರ ಮುಂದೆ ಆಡಿದ ಮಾತು ಹಿಂದಕ್ಕೆ ಬರುವುದಿಲ್ಲ. ಪ್ರಮಾಣವಾದ ಮೇಲೆ ಆ ಎರಡು ಮನೆಗಳ ನಡುವೆ ನೀರು ನಿಲ್ಲುತ್ತದೆ. ಒಬ್ಬರ ಮನೆಯ ಗುಟುಕು ನೀರನ್ನು ಇನ್ನೊಬ್ಬರ ಮಕ್ಕಳೂ ಮುಟ್ಟುವಂತಿಲ್ಲ. ಪ್ರಮಾಣ ಸುಳ್ಳಾದರೆ ಆ ಮನೆಯ ದೀಪ ಉಳಿಯದು ಎಂಬುದು ಹಿರಿಯರ ಮಾತು, ಅದನ್ನು ನಾನು ಪೂರ್ಣಮನಸ್ಸಿನಿಂದ ನಂಬುತ್ತೇನೆ. ಪ್ರಮಾಣ ಮಾಡುವವನ ಪರವಾಗಿ ಮನೆಯ ಹಿರಿಯನೇ ಪ್ರಾರ್ಥನೆ ಹೇಳಬೇಕು. ನಾನು ಒಪ್ಪಿದೆ. ತಮ್ಮನಿಗೆ ಕೋಪವಿದೆ, ಸುಳ್ಳಿಲ್ಲವೆಂಬ ಭರವಸೆ ನನಗಿತ್ತು.

ಸಂಕ್ರಮಣದ ಹಿಂದಿನ ದಿನ ಅವನು ತನ್ನ ಹಳೆಯ ಔಟ್‌ಬೋರ್ಡ್ ಎಂಜಿನನ್ನು ಬಿಚ್ಚಲು ಕುಳಿತ. ದೋಣಿಯ ಹಿಂಭಾಗಕ್ಕೆ ತಗುಲಿಸುವ ಈ ಯಂತ್ರದ ಕೆಳತುದಿಯಲ್ಲಿ, ಸದಾ ನೀರಿನೊಳಗೆ ಮುಳುಗಿರುವ ಒಂದು ಗೇರ್ ಪೆಟ್ಟಿಗೆಯಿದೆ. ಅದರಿಂದ ಹೊರಬರುವ ದಂಡಕ್ಕೆ, ನೀರನ್ನು ತಳ್ಳಿ ದೋಣಿ ಓಡಿಸುವ ಫ್ಯಾನ್ ಸಿಕ್ಕಿಸಿರುತ್ತದೆ. ದಂಡ ಹೊರಬರುವಲ್ಲಿ ಒಂದು ರಬ್ಬರಿನ ಸೀಲ್. ಒಳಗಿನ ಎಣ್ಣೆ ಹೊರಗೆ ಹೋಗದಂತೆ, ಹೊರಗಿನ ಉಪ್ಪುನೀರು ಒಳಗೆ ಬಾರದಂತೆ ಅದೊಂದೇ ಕಾವಲು. ಒಂದು ವಾರದಿಂದ ಎಣ್ಣೆ ಸೋರುತ್ತಿತ್ತು. ತಳದ ಸ್ಕ್ರೂ ತಿರುಗಿಸಿದಾಗ ಕಪ್ಪೆಣ್ಣೆಯ ಬದಲು ಮಜ್ಜಿಗೆಯಂಥ ಬಿಳಿಯ ದ್ರವ ತಟ್ಟೆಗೆ ಸುರಿಯಿತು. ಒಳಗೆ ನೀರು ಹೊಕ್ಕಿತ್ತು. ಬಂದರಿನ ಅಂಗಡಿಯಿಂದ ಹೊಸ ಸೀಲನ್ನು ತಂದುಕೊಟ್ಟವನು ನಾನೇ. ಹಿಡಿಯುವುದಕ್ಕೆ ಇನ್ನೊಂದು ಜೊತೆ ಕೈ ಬೇಕಾಗಿದ್ದುದರಿಂದ ಅಲ್ಲಿಯೇ ಕುಳಿತೆ.

ಫ್ಯಾನ್ ಮಾತ್ರ ಕದಲಲಿಲ್ಲ. ಉಪ್ಪು ಅದನ್ನು ದಂಡಕ್ಕೆ ಬೆಸೆದುಬಿಟ್ಟಿತ್ತು. ಕುದಿಯುವ ನೀರು ಸುರಿದ. ಅದು ಸಿಡಿದು ಅವನ ಪಾದ ಬೊಬ್ಬೆಯೆದ್ದಿತು, ಅವನು ಕೆಳಗೆ ನೋಡಲೂ ಇಲ್ಲ. ಮರದ ತುಂಡು ಇಟ್ಟು ಸುತ್ತಿಗೆಯಿಂದ ಹೊಡೆದ. ನಾನು ಪೆಟ್ಟಿಗೆಯನ್ನು ತೊಡೆಗಳ ನಡುವೆ ಅವುಚಿ ಹಿಡಿದಿದ್ದೆ. ಪ್ರತಿಯೊಂದು ಪೆಟ್ಟೂ ನನ್ನ ಬೆನ್ನಹುರಿಯನ್ನು ಏರಿ ಹಲ್ಲಿನವರೆಗೆ ಬರುತ್ತಿತ್ತು. ಮರದ ತುಂಡು ಸೀಳಿ ಹಾರಿತು. ಸುತ್ತಿಗೆ ಜಾರಿ ನನ್ನ ಬೆರಳಗಂಟಿನ ಚರ್ಮ ಕಿತ್ತುಕೊಂಡು ಹೋಯಿತು. ನೆರೆಮನೆಯವನನ್ನು, ಅವನ ಬಲೆಯನ್ನು, ಅವನಿಗೆ ಜನ್ಮ ಕೊಟ್ಟವರನ್ನು ಒಂದೊಂದು ಪೆಟ್ಟಿಗೆ ಒಬ್ಬೊಬ್ಬರಂತೆ ಬಯ್ಯುತ್ತ ಅವನು ಹೊಡೆಯುತ್ತಲೇ ಇದ್ದ. ಕೊನೆಗೆ ಫ್ಯಾನ್ ಕಿರುಚಿ ಕಳಚಿ, ಅಂಗಳದಲ್ಲಿ ಉರುಳಿ ಗೋಡೆಗೆ ಬಡಿಯಿತು.

ಅದರ ಹಿಂದಿನ ವಾಶರ್ ಸರಿಸಿದಾಗ ಇಬ್ಬರೂ ಬಾಗಿ ನೋಡಿದೆವು.

ದಂಡದ ಸುತ್ತ ನೈಲಾನ್ ಹುರಿಯೊಂದು ಬಿಗಿಯಾಗಿ ಸುತ್ತಿ, ಬಿಸಿಗೆ ಅಲ್ಲಲ್ಲಿ ಕರಗಿ, ಗಟ್ಟಿ ಬಳೆಯಂತೆ ಕುಳಿತಿತ್ತು. ಅದರ ಅಂಚು ಸೀಲನ್ನು ಕತ್ತರಿಸಿತ್ತು. ತಮ್ಮನು ಚೂರಿಯ ತುದಿಯಿಂದ ಒಂದು ಎಳೆಯನ್ನು ಎಬ್ಬಿಸಿದ. ಹಸಿರು ಹುರಿಗೆ ಹಳದಿಯ ಎಳೆಯೊಂದನ್ನು ಸೇರಿಸಿ ಹೊಸೆದದ್ದು. ಆ ತೀರದಲ್ಲಿ ಬಲೆಯ ಅಂಚಿನ ಹುರಿಯನ್ನು ಹಾಗೆ ಹೊಸೆಯುವುದು ನೆರೆಮನೆಯವರು ಮಾತ್ರ.

ಆ ದಿನ ನಸುಕಿನಲ್ಲಿ ಎಂಜಿನ್ ಒಮ್ಮೆ ನಡುಗಿದ್ದು ನಿಜ, ತೇಲಿಬಂದ ಕಸವೆಂದು ಎಣಿಸಿದೆ ಎಂದು ಅವನು ನಿಧಾನವಾಗಿ ಹೇಳಿದ. ಕಸ ಬಿಡಿಸಲು ಎಲ್ಲರೂ ಮಾಡುವಂತೆ ರಿವರ್ಸ್ ಹಾಕಿ, ಮತ್ತೆ ಮುಂದಕ್ಕೆ ಹಾಕಿದ್ದನಂತೆ. ಆ ರಿವರ್ಸೇ ಹುರಿಯನ್ನು ಒಳಕ್ಕೆ ಎಳೆದು ಸುತ್ತಿತ್ತು. ಅವನಿಗೆ ತಿಳಿದಿರಲಿಲ್ಲ. ಆದರೆ ಈಗ ತಿಳಿಯಿತು, ಮತ್ತು ಮರುದಿನ ಬೆಳಿಗ್ಗೆ ಪ್ರಮಾಣ.

"ಇದು ನಿಮಗೂ ನನಗೂ ಮಾತ್ರ ಗೊತ್ತು ಅಣ್ಣ," ಎಂದ.

ಆ ಹುರಿಯನ್ನು ತುಂಡರಿಸದೆ ಬಿಡಿಸು, ಇಂದೇ ಹೋಗಿ ಒಪ್ಪಿಕೊಂಡು ಬಾ ಎಂದು ನಾನು ಹೇಳಿದೆ. ಅವನು ಒಲ್ಲೆನೆಂದು ತಲೆಯಾಡಿಸಿದ. "ನಿಜ ಹೇಳಿದ್ದಕ್ಕೆ ಅವನ ಹಲ್ಲು ಉದುರಿಸಿದೆ ಅಂತ ಆಗ್ತದೆ. ಅದನ್ನು ಹೇಳಿಕೊಂಡು ನಾನು ಈ ದಡದಲ್ಲಿ ನಡೆಯುವುದು ಹೇಗೆ?"

"ಹಾಗಾದರೆ ನಾಳೆ ಪ್ರಾರ್ಥನೆ ನಾನು ಹೇಳುವುದಿಲ್ಲ."

ಅಷ್ಟೇ. ಅವನ ಮುಂಗೈ ನನ್ನ ಕೊರಳಿಗೆ ಬಂತು, ನನ್ನ ಬೆನ್ನು ಗೋಡೆಗೆ ಬಡಿಯಿತು. ಕೊರಳಲ್ಲಿದ್ದ ತುಳಸೀಮಣಿಯ ಮಾಲೆ ಹರಿದು, ಮಣಿಗಳು ತಟ್ಟೆಯ ಬಿಳಿ ಎಣ್ಣೆಯೊಳಗೆ ಉದುರಿದವು. ಹುಟ್ಟಿದಂದಿನಿಂದ ನನ್ನನ್ನು ನೀವೆಂದೇ ಕರೆದವನು, ಮೂಗಿಗೆ ಮೂಗು ತಾಗುವಷ್ಟು ಹತ್ತಿರ ನಿಂತು ಹೇಳಿದ: "ನೀನು ಹೇಳದಿದ್ದರೆ ಬೇಡ. ನಾನೇ ಹೇಳ್ತೇನೆ." ನನಗೆ ಉಸಿರು ಬರುತ್ತಿರಲಿಲ್ಲ. ಮನಸ್ಸಿನಲ್ಲಿ ನಾಮಸ್ಮರಣೆ ಮಾಡುತ್ತ ಅವನ ಕಣ್ಣುಗಳನ್ನೇ ನೋಡಿದೆ. ಕಣ್ಣು ತಪ್ಪಿಸಿದವನು ಅವನು. ಕೈ ಸಡಿಲವಾಯಿತು.

ಆಮೇಲೆ ಅವನು ಕೆಲಸಕ್ಕೆ ಕುಳಿತ. ಹುರಿಯನ್ನು ಸುತ್ತು ಸುತ್ತಾಗಿ ಬಿಡಿಸಿ ಪಕ್ಕಕ್ಕಿಟ್ಟ. ಹಳೆಯ ಸೀಲನ್ನು, ಮೀನಿನ ಹೊಟ್ಟೆಯಿಂದ ಕರುಳು ಕೀಳುವಂತೆ, ಕೊಕ್ಕೆ ಹಾಕಿ ಹರಿದು ತೆಗೆದ. ಹೊಸದಕ್ಕೆ ಗ್ರೀಸ್ ಸವರಿ, ಕಬ್ಬಿಣದ ಕೊಳವೆಯ ತುಂಡೊಂದನ್ನು ಅದರ ಮೇಲಿಟ್ಟು ಸುತ್ತಿಗೆಯಿಂದ ಒಳಗಿಳಿಸಿದ. ನೋಯುವ ಕೊರಳಿನಿಂದ ನಾನು ಮತ್ತೆ ಪೆಟ್ಟಿಗೆಯನ್ನು ಹಿಡಿದೆ. ಹಿಡಿ ಎಂದು ಅವನು ಹೇಳಲೂ ಇಲ್ಲ. ನಾಳೆ ಅವನು ಏನು ಹೇಳುವನೆಂದು ಆ ಕೈಗಳನ್ನು ನೋಡಿ ತಿಳಿಯುವಂತಿರಲಿಲ್ಲ. ಕೊನೆಗೆ ಎಣ್ಣೆಯ ರಂಧ್ರಕ್ಕೆ ಸೈಕಲ್ ಪಂಪಿನ ಕೊಳವೆ ಸಿಕ್ಕಿಸಿ, ಪೆಟ್ಟಿಗೆಯನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗಾಳಿ ತುಂಬಿದ. ಎಲ್ಲಿಂದಾದರೂ ಗುಳ್ಳೆ ಎದ್ದರೆ ಅಲ್ಲಿ ಸೋರಿಕೆಯೆಂದು ಅರ್ಥ. ತಳದ ಸ್ಕ್ರೂವಿನಿಂದ ಗುಳ್ಳೆಗಳು ಎದ್ದವು. ಶಪಿಸಿ, ವಾಶರ್ ಬದಲಿಸಿ, ಮತ್ತೆ ಮುಳುಗಿಸಿದ. ನೀರು ನಿಶ್ಚಲವಾಗಿತ್ತು. ನಾವಿಬ್ಬರೂ ಬಹಳ ಹೊತ್ತು ಆ ನೀರನ್ನೇ ನೋಡಿದೆವು.

ಅವನು ಸೀಮೆಎಣ್ಣೆಯಲ್ಲಿ ಕೈ ತೊಳೆದು, ಹುರಿಯನ್ನು ಎತ್ತಿಕೊಂಡು, ನೆರೆಮನೆಯ ಅಂಗಳಕ್ಕೆ ನಡೆದ. ನಾನು ಹಿಂದಿನಿಂದ ಹೋದೆ.

ನೆರೆಮನೆಯವನು ದವಡೆಗೆ ಬಟ್ಟೆ ಕಟ್ಟಿಕೊಂಡು ಜಗಲಿಯಲ್ಲಿ ಗಂಜಿಯ ತಿಳಿ ಕುಡಿಯುತ್ತಿದ್ದ. ತಮ್ಮನು ಹುರಿಯನ್ನು ಅವನ ಕಾಲ ಬಳಿ ಇಟ್ಟು, "ನಿನ್ನದೇ. ನನ್ನ ಫ್ಯಾನ್‌ನಲ್ಲಿ ಇತ್ತು. ಇವತ್ತು ಗೊತ್ತಾಯ್ತು," ಎಂದ.

ಆತ ಆ ಹಳದಿ ಎಳೆಯನ್ನು ಬೆರಳಿನಿಂದ ಸವರಿದ. ಲೋಟವನ್ನು ಮೆಲ್ಲಗೆ ಕೆಳಗಿಟ್ಟ. ಎದ್ದು, ಗೋಡೆಗೆ ಒರಗಿಸಿದ್ದ ಹುಟ್ಟನ್ನು ತೆಗೆದು, ಎರಡೂ ಕೈಗಳಿಂದ ಬೀಸಿ ತಮ್ಮನ ಭುಜಕ್ಕೆ ಹೊಡೆದ. ಮೂಳೆ ಮುರಿದದ್ದು ನನಗೆ ಕೇಳಿಸಿತು. ತಮ್ಮನು ಒಂದು ಮಂಡಿಗೆ ಕುಸಿದು, ಹೇಗೋ ಮತ್ತೆ ಎದ್ದುನಿಂತ. ಕೈ ಎತ್ತಲಿಲ್ಲ. ಜಗಳಕ್ಕೆ ಕೈ ಎತ್ತದ ನನ್ನ ತಮ್ಮನನ್ನು ಕಂಡದ್ದು ಅದೇ ಮೊದಲು. ಹುಟ್ಟು ಮತ್ತೆ ಮೇಲಕ್ಕೆ ಹೋಯಿತು.

"ಇನ್ನೊಂದು ಉಂಟಾ? ಇದ್ದರೆ ಬೇಗ ಹೊಡಿ ಮಾರಾಯ. ನನಗೆ ನಿಲ್ಲಲಿಕ್ಕೆ ಆಗುವುದಿಲ್ಲ."

ಹುಟ್ಟು ಮೇಲೆಯೇ ನಿಂತಿತು. ಆಮೇಲೆ ಆತ ಅದನ್ನು ಅಂಗಳದಾಚೆ ಎಸೆದು, ಬರಿಗಾಲಿನಲ್ಲಿ ಓಡಿಹೋಗಿ ರಿಕ್ಷಾ ಕರೆತಂದ.

ಫಳ್ನೀರಿನ ಆಸ್ಪತ್ರೆಯ ಬೆಂಚಿನಲ್ಲಿ ಕಾಯುವಾಗ ಆತ ಗುರಿಕಾರರಿಗೆ ಫೋನ್ ಮಾಡಿದ. ಕಟ್ಟಿದ ದವಡೆಯಿಂದ ಹೊರಟ ಮಾತು ಅವರಿಗೆ ತಿಳಿಯದೆ, ಕೊನೆಗೆ ಫೋನನ್ನು ನನ್ನ ಕೈಗೆ ಕೊಟ್ಟ. ಪ್ರಮಾಣ ಬೇಡ, ಹುರಿ ಸಿಕ್ಕಿತು, ತಮ್ಮನೇ ಒಪ್ಪಿಕೊಂಡ ಎಂದು ನಾನು ಹೇಳಿದೆ.

ನರ್ಸ್ ಬಂದು ತಮ್ಮನ ಭುಜವನ್ನು ನೋಡಿ, ಎಂತ ಆದದ್ದೆಂದು ಕೇಳಿದಳು. ಎಂಜಿನ್ ಎತ್ತುವಾಗ ಬಿದ್ದದ್ದು ಎಂದ ಅವನು. ಅವಳು ಪಕ್ಕದವನ ಮುಖ ನೋಡಿದಳು. ತಾನೂ ಬಿದ್ದದ್ದೆಂದು ಆತ ಬಟ್ಟೆಯೊಳಗಿಂದಲೇ ಹೇಳಿದ.

"ಇಬ್ಬರೂ ಒಂದೇ ಕಡೆ ಬಿದ್ದದ್ದಾ? ಒಳ್ಳೆ ಜಾಗ ಅದು," ಎಂದು ಅವಳು ನನ್ನ ಕಡೆ ತಿರುಗಿದಳು. "ಅಜ್ಜ, ನೀವಾದರೂ ಸರಿ ಹೇಳಿ."

"ಹೊಡೆದುಕೊಂಡದ್ದು ಸಿಸ್ಟರ್. ಹೋದ ವಾರ ಇವನು ಅವನಿಗೆ, ಇವತ್ತು ಅವನು ಇವನಿಗೆ."

ಇಬ್ಬರೂ ಒಟ್ಟಿಗೆ ನನ್ನನ್ನು ದುರುಗುಟ್ಟಿ ನೋಡಿದರು. ಆಸ್ಪತ್ರೆಯವರು ಠಾಣೆಗೆ ತಿಳಿಸಿದರು. ಪೊಲೀಸರು ಬಂದು, ಇಬ್ಬರನ್ನೂ ಬೈದು, ದೂರಿಲ್ಲವೆಂದು ಬರೆಸಿಕೊಂಡು ಬಿಡುವಾಗ ಸಂಜೆಯಾಗಿತ್ತು.

ಮರಳುವಾಗ ರಿಕ್ಷಾದಲ್ಲಿ ನಾನು ನಡುವೆ ಕುಳಿತಿದ್ದೆ. "ಮಾಷ್ಟ್ರೆ, ಸತ್ಯ ದೈವದ ಹತ್ರ ಹೇಳಿದ್ರೆ ಸಾಕು. ಆಸ್ಪತ್ರೆಯಲ್ಲಿ ಯಾಕೆ?" ಎಂದ ನೆರೆಮನೆಯವನು. "ಅವರು ಮೊದಲಿಂದಲೂ ಹಾಗೇ, ಅವರಿಗೆ ಹೇಳಿ ಪ್ರಯೋಜನ ಇಲ್ಲ," ಎಂದ ತಮ್ಮ. ಒಬ್ಬನು ಬಿಟ್ಟಲ್ಲಿಂದ ಇನ್ನೊಬ್ಬನು ಹಿಡಿದು, ದಾರಿಯುದ್ದಕ್ಕೂ ನನ್ನನ್ನು ತರಾಟೆಗೆ ತೆಗೆದುಕೊಂಡರು. ನಾನು ಕೈಮುಗಿದು ಕುಳಿತು ಕೇಳಿದೆ. ಉರ್ವ ಮಾರ್ಕೆಟ್ಟಿನ ತಿರುವಿನಲ್ಲಿ ರಿಕ್ಷಾ ಕುಲುಕಿ, ತಮ್ಮನು ಭುಜ ಹಿಡಿದು ನರಳಿದ. ನೆರೆಮನೆಯವನು ಮುಂದಕ್ಕೆ ಬಾಗಿ, ಆ ಕಟ್ಟಿದ ದವಡೆಯಿಂದಲೇ, ಮೆಲ್ಲಗೆ ಹೋಗುವಂತೆ ಚಾಲಕನನ್ನು ಗದರಿಸಿದ.