ಬೆಂಗೇರಿ ಮುಟ್ಟುವತನಕ

ಇವತ್ತು ಮಧ್ಯಾಹ್ನ ಹೆಂಡತಿ ಹಳೆಯ ನಿಂಬೆ ಉಪ್ಪಿನಕಾಯಿಯ ಭರಣಿ ತೆರೆದಳು. ಆ ವಾಸನೆಗೆ ನಿಮಗೆ ಬಾಯಲ್ಲಿ ನೀರೂರುತ್ತದೆ, ನನಗೆ ಅಣ್ಣ ನೆನಪಾಗುತ್ತಾನೆ. ಹತ್ತು ವರ್ಷದ ಹಿಂದಿನ ಮಾತು.

ನಾನು ಶಾಲಾ ಮಾಸ್ತರ, ಹುಡುಗರಿಗೆ ಪತ್ರಲೇಖನ ಕಲಿಸುವವನು. ಬೆಂಗೇರಿಯಲ್ಲಿ ಯಾರ ಮನೆಯಲ್ಲಿ ಏನೇ ಆಗಲಿ, ಕಾಗದದ ಒಕ್ಕಣೆ ನನ್ನದೇ. ಅದರ ಜಂಬವೂ ಸ್ವಲ್ಪ ಇತ್ತೆನ್ನಿ.

ನಮ್ಮ ಮೂವರಲ್ಲಿ ದೊಡ್ಡವನು ಅಣ್ಣ, ಕೊನೆಯವನು ನಾನು. ಅವನಿಗೆ ಜ್ವರ ಬಂದಾಗ ಗದಗಿನಲ್ಲಿದ್ದ ಅಕ್ಕನಿಗೆ ಕಾರ್ಡು ಬರೆದೆ: ಜ್ವರ ಇಳಿದಿದೆ, ಬಾಯಿಗೆ ರುಚಿಯಿಲ್ಲ, ಅಷ್ಟೇ. ಮೂರನೆಯ ದಿನ ಬೆಳಿಗ್ಗೆ ಅಣ್ಣ ಎದ್ದು ಕೂತು ಚಹಾ ಕೇಳಿದ. ನಾನು ತರುವಷ್ಟರಲ್ಲಿ ಜೀವ ಹೋಗಿತ್ತು. "ಅಣ್ಣಾ, ಚಾ ಆರಾಕತ್ತೈತಿ, ಕುಡಿ" ಎಂದು ಎರಡು ಸಲ ಹೇಳಿದೆ, ಪೆದ್ದನ ಹಾಗೆ.

ನಮ್ಮಲ್ಲಿ ತಂತಿಯಲ್ಲಿ ಸಾವು ಬರೆಯುವುದಿಲ್ಲ. ಅಣ್ಣನ ಪ್ರಕೃತಿ ಗಂಭೀರ, ಹೊರಟು ಬಾ ಎಂದು ತಂತಿ ಕೊಟ್ಟೆ. ಉಳಿದದ್ದನ್ನು ಹುಬ್ಬಳ್ಳಿ ಸ್ಟೇಶನ್ನಿನಲ್ಲಿ ನಾನೇ ಹೇಳಬೇಕು. ದಾರಿಯುದ್ದಕ್ಕೂ ಮಾತು ಜೋಡಿಸಿದೆ. 'ತೀರಿಕೊಂಡ' ಎಂಬುದು ನನ್ನ ಹುಡುಗರ ಪತ್ರಲೇಖನದ ಮಾತಾಯಿತು. 'ಸತ್ತ' ಎನ್ನಲು ನಾಲಿಗೆ ಏಳಲಿಲ್ಲ.

ಅಕ್ಕ ಗಾಡಿಯಿಂದ ಇಳಿದಳು, ಬಗಲಲ್ಲಿ ಭರಣಿ. "ಬಾಯಿ ಕೆಟ್ಟೈತಿ ಅಂತ ಬರದಿದ್ದೆಲ್ಲ, ನಿಂಬಿಕಾಯಿ ತಂದೇನಿ" ಎಂದಳು. ಟಾಂಗಾ ಹತ್ತಿದೆವು.

"ಜ್ವರ ಐತೇನು?"

"ಇಲ್ಲಕ್ಕ."

"ಮಲಗ್ಯಾನ?"

"ಮಲಗ್ಯಾನ."

ಒಂದೂ ಸುಳ್ಳಲ್ಲ. ಅದಕ್ಕೇ ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು.

ಮನೆಯ ಮುಂದೆ ಮಂದಿ ಕಂಡರು. "ಅಕ್ಕಾ..." ಎಂದೆ. ಆಕೆ ನನ್ನ ಕೈ ಹಿಡಿದಳು.

"ಹೇಳಬ್ಯಾಡೋ ತಮ್ಮಾ. ತಂತಿ ನೋಡಿದ ಕೂಡ್ಲೇ ತಿಳೀತು. ಮನಿ ಮುಟ್ಟೂತನಕ ಅವ ಇರ್ಲಿ ಅಂತ ಕೇಳಾಕತ್ತಿದ್ನಿ."

ಭರಣಿ ನನ್ನ ಕೈಗೆ ಕೊಟ್ಟು ಒಳಗೆ ಹೋದಳು. ನಾನು ದಂಗುಬಡಿದು ಟಾಂಗಾದ ಪಕ್ಕ ನಿಂತೇ ಇದ್ದೆ. ಒಳಗಿನಿಂದ ಅಳು ಕೇಳಿದಾಗಲೂ ನನ್ನ ಕಣ್ಣಲ್ಲಿ ಹನಿ ನೀರಿಲ್ಲ.

ಹಾಗೆ ಆ ಮಾತು ನನ್ನ ಬಾಯಲ್ಲೇ ಉಳಿಯಿತು. ಅಕ್ಕನ ಮುಂದೆ ಆಡಲಿಲ್ಲ, ಯಾರ ಮುಂದೆಯೂ ಆಡಲಿಲ್ಲ. 'ಅಣ್ಣ ಇದ್ದಾಗ' ಎಂದು ಹೇಳಿ ಮುಂದೆ ಸಾಗುವುದು ರೂಢಿಯಾಗಿತ್ತು. ಇವತ್ತು ಊಟಕ್ಕೆ ಕೂತವನು, ಯಾಕೋ, ಗಟ್ಟಿಯಾಗಿ ಅಂದುಬಿಟ್ಟೆ:

"ಅಣ್ಣ ಸತ್ತ."

ಬಡಿಸುತ್ತಿದ್ದ ಹೆಂಡತಿಯ ಕೈ ನಿಂತಿತು. ಈಗಷ್ಟೇ ಯಾರೋ ಬಂದು ನನಗೇ ಹೇಳಿದಂತಾಯಿತು. ಕೈ ತೊಳೆದುಕೊಂಡು ಎದ್ದೆ. ತಿಳಿದ ಮಾತೇ, ಆದರೂ ಇನ್ನು ಅಕ್ಕನಿಗೆ ನಾನೇ ಹೇಳಬೇಕು.