ಮಂಜಿನ ಮಷೀನು, ಅತ್ತೆಯ ಆಣೆ

ರೇಣುಕಾ, ಅಂದು ನಿನ್ನ ಕೂಸಿನ ಉಸಿರು ಕಟ್ಟಿಸಿದವಳು ನಾನು. ಅತ್ತೆಯಲ್ಲ. ಆ ಮಷೀನಿನ ನೀರಿಗೆ ಅತ್ತೆ ನೀಲಗಿರಿ ಎಣ್ಣೆ ಹಾಕಿರಲಿಲ್ಲ — ಒಂದು ಹನಿಯೂ ಹಾಕಿರಲಿಲ್ಲ. ಇಷ್ಟು ವರ್ಷ ಇದು ನನಗೆ ಗೊತ್ತಿತ್ತು, ಅತ್ತೆಗೂ ಗೊತ್ತಿತ್ತು. ಗೊತ್ತಿಲ್ಲದವಳು ನೀನೊಬ್ಬಳೇ.

ಮಷೀನನ್ನು ಅಂಗಡಿಯಲ್ಲಿ ಆರಿಸಿ ತಂದವರು ನಾವಿಬ್ಬರು ವಾರಗಿತ್ತಿಯರೇ, ನೆನಪಿದೆಯಾ? ಕೂಸು ಮೂಗು ಕಟ್ಟಿ, ಗಂಟಲು ಒಣಗಿ, ಹಾಲು ಕುಡಿಯಲಾರದೆ ಚೀರುತ್ತಿತ್ತು. ಬ್ಯಾಡಗಿಯ ಒಣಗಾಳಿ, ಅದರ ಮೇಲೆ ಮೆಣಸಿನಕಾಯಿ ಸುಗ್ಗಿ. ಕೋಣೆಯ ಗಾಳಿಗೆ ತುಸು ತೇವ ಬೇಕು, ನೀರನ್ನು ಮಂಜಾಗಿ ಉಗುಳುವ ಹ್ಯೂಮಿಡಿಫೈಯರ್ ಇಡಿ ಎಂದರು ಡಾಕ್ಟರು. ರಾಣೆಬೆನ್ನೂರಿನ ಅಂಗಡಿಯಲ್ಲಿ ನೀನು ಬಣ್ಣಬಣ್ಣದ ದೀಪ ಹತ್ತುವ, ಸಣ್ಣ ಬಾಯಿಯದೊಂದಕ್ಕೆ ಮನಸೋತಿದ್ದೆ. ನಾನು ಬಿಡಲಿಲ್ಲ. “ದೀಪ ತಗೊಂಡು ಏನ್ ಮಾಡ್ತಿ? ಒಳಗ ಕೈ ಹೋಗಬೇಕು, ತಿಕ್ಕಿ ತೊಳ್ಯಾಕ ಬರಬೇಕು” ಎಂದು ಅಗಲ ಬಾಯಿಯ ಸಾದಾ ಬಿಳಿಯದನ್ನು ಕೊಡಿಸಿದೆ. ಕಾಸಿ ಆರಿಸಿದ ನೀರನ್ನೇ ಹಾಕಿ, ದಿನಾ ತೊಳೆಯಿರಿ, ನೀರು ಬಿಟ್ಟು ಬೇರೇನೂ ಬೇಡ ಎಂದು ಅಂಗಡಿಯವನು ಎರಡೆರಡು ಸಲ ಹೇಳಿದ. ಮನೆಗೆ ತಂದ ದಿನವೇ ಅತ್ತೆ, “ಎರಡು ಹನಿ ನೀಲಗಿರಿ ಎಣ್ಣಿ ಹಾಕಿದ್ರ ಕೂಸಿನ ಮೂಗು ಬಿಡತೈತಿ” ಎಂದು ಬಾಟಲಿ ತಂದರು. ನೀನು ಅದನ್ನು ಕಸಿದು ಕಪಾಟಿನ ಮೇಲಿಟ್ಟೆ. ಅಂದು ಕೂಸು ಮೊದಲ ಸಲ ಹೊಟ್ಟೆತುಂಬ ಹಾಲು ಕುಡಿದು ಮಲಗಿತು. “ಅಕ್ಕಾ, ನೀ ಇರದಿದ್ರ ನನಗೇನೂ ತಿಳೀತಿರಲಿಲ್ಲ” ಎಂದೆ ನೀನು. ಆ ಮಾತು ನೆನಪಾದರೆ ಈಗಲೂ —

ಇರಲಿ. ಆ ದಿನದ್ದನ್ನು ಹೇಳುತ್ತೇನೆ.

ನೀನು ಕೂಸನ್ನು ಕರೆದುಕೊಂಡು ಹಾವೇರಿಯ ತವರಿಗೆ ಹೋಗಿದ್ದೆ, ಸಂಜೆಗೆ ಬರುವವಳು. ನಾನು ಹಿತ್ತಲ ಕೋಣೆಯಲ್ಲಿ ವರ್ಷದ ಖಾರದ ಪುಡಿಗೆಂದು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತ ಕೂತಿದ್ದೆ. ಹಿಂದಿನ ರಾತ್ರಿ ಅಂಗಳದಲ್ಲಿ ಹರಡಿ ಇಬ್ಬನಿಗೆ ಬಿಡಬೇಕಿತ್ತು, ಮರೆತಿದ್ದೆ. ಕಾಯಿ ಕೈಯಲ್ಲಿ ಹಿಡಿದರೆ ಪಟಪಟ ಮುರಿಯುತ್ತಿತ್ತು. ಬೀಜ ಸಿಡಿದು, ಧೂಳೆದ್ದು, ಸೀನಿ ಸೀನಿ ನನಗೆ ಸಾಕಾಗಿತ್ತು. ನೀರು ಚಿಮುಕಿಸಿದರೆ ಕಾಯಿ ಕಪ್ಪಾಗುತ್ತದೆ, ಅದು ಬ್ಯಾಡಗಿಯ ಸಣ್ಣ ಹುಡುಗರಿಗೂ ಗೊತ್ತು. ಆಗ ನಿನ್ನ ಮಂಜಿನ ಮಷೀನು ನೆನಪಾಯಿತು. ಇಬ್ಬನಿಯಂಥದ್ದೇ ಅಲ್ಲವೇ ಅದೂ! ನನ್ನ ಜಾಣತನಕ್ಕಿಷ್ಟು ಬೆಂಕಿ ಹಾಕ.

ಅತ್ತೆಯನ್ನು ಕೇಳಿದೆ. ಮೊದಲು ಒಲ್ಲೆ ಎಂದರು. ನಾನು ಸೀನುವುದನ್ನು ನೋಡಲಾರದೆ ತಾವೇ ಎತ್ತಿ ತಂದುಕೊಟ್ಟರು. “ಒಯ್ಯಿ. ಆಕಿ ಬರೂದ್ರೊಳಗ ಚಂದಂಗ ತೊಳದು ಇಟ್ಟುಬಿಡು. ನಾ ಹೇಳಂಗಿಲ್ಲ.”

ಕೆಲಸ ಹೂವೆತ್ತಿದಂತೆ ಸಾಗಿತು. ಕಾಯಿ ಮೆತ್ತಗಾಗಿ ತೊಟ್ಟು ತಾನಾಗಿ ಕೈಗೆ ಬರುತ್ತಿತ್ತು. ನೀರು ಮುಗಿದಾಗೆಲ್ಲ ಖಾರದ ಕೈಯಿಂದಲೇ ಮುಚ್ಚಳ ತೆಗೆದು ಮತ್ತೆ ತುಂಬಿದೆ. ಅಷ್ಟರಲ್ಲಿ ಬಾಗಿಲಲ್ಲಿ ಆಟೋ ನಿಂತ ಸದ್ದು. ಒಳಗಿದ್ದ ನೀರನ್ನು ಚೆಲ್ಲಿದೆ, ಹೊರಗಷ್ಟೇ ಒರೆಸಿದೆ, ನೀನು ಆರಿಸಿಟ್ಟಿದ್ದ ನೀರನ್ನು ತುಂಬಿ ತೊಟ್ಟಿಲ ಪಕ್ಕ ಇಟ್ಟೆ. “ತೊಳದೀ ಏನ?” ಎಂದರು ಅತ್ತೆ. “ತೊಳದೇನ್ರಿ” ಎಂದೆ. ಕಣ್ಣು ಪಿಳುಕಿಸದೆ ಎಂದೆ.

ಮುಂದಿನದು ನಿನಗೇ ಗೊತ್ತು. ಕೂಸನ್ನು ತೊಟ್ಟಿಲಿಗೆ ಹಾಕಿ, ಸ್ವಿಚ್ಚು ಹಾಕಿ ನೀನು ಕೈಕಾಲು ತೊಳೆಯಲು ಹೋದೆ. ಕೂಸು ಒಂದೇ ಸಮನೆ ಕೆಮ್ಮಿತು, ಕಣ್ಣು ಕೆಂಡವಾದವು, ತುಟಿ ನೀಲಿಗಟ್ಟಿತು. ಬೇರೆ ಊರಾಗಿದ್ದರೆ ಘಾಟು ಯಾರ ಮೂಗಿಗಾದರೂ ಹತ್ತುತ್ತಿತ್ತು. ಸುಗ್ಗಿಯಲ್ಲಿ ನಮ್ಮ ಓಣಿಗೆ ಓಣಿಯೇ ಘಾಟು, ಅದನ್ನು ಯಾರು ಗುರುತಿಸಬೇಕು? ಬಾಡಿಗೆ ಕಾರಿನಲ್ಲಿ ರಾಣೆಬೆನ್ನೂರಿಗೆ ಓಡಿದೆವು. ಉಸಿರು ಹಳಿಗೆ ಬಂದ ಮೇಲೆ ಡಾಕ್ಟರು, “ಆ ನೀರಾಗ ಏನರ ಹಾಕಿದ್ರೇನ್ರಿ?” ಎಂದು ಕೇಳಿದರು.

ನೀನು ತಿರುಗಿ ಅತ್ತೆಯನ್ನು ನೋಡಿದೆ. ನಾನು ನನ್ನ ಕೆಂಪು ಬೆರಳುಗಳನ್ನು ಸೆರಗಿನಲ್ಲಿ ಸುತ್ತಿಕೊಂಡೆ — ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗೆ.

“ಮೈಲಾರಲಿಂಗನ ಆಣಿ, ನಾ ಏನೂ ಹಾಕಿಲ್ಲವ್ವಾ” ಎಂದರು ಅತ್ತೆ. ಎಂದವರು ನನ್ನ ಮುಖ ನೋಡಿದರು. ಕಾದರು, ರೇಣುಕಾ. ನಾನು ಬಾಯಿಬಿಡುತ್ತೇನೆ ಎಂದು ಕಾದರು. ನಾನು ನೆಲ ನೋಡಿದೆ.

“ಆಣಿ ಮಾಡಬ್ಯಾಡ್ರಿ ಅತ್ತಿ. ಇನ್ನ ಮ್ಯಾಲೆ ನನ್ನ ಕೂಸನ್ನ ಮುಟ್ಟಬ್ಯಾಡ್ರಿ” ಎಂದೆ ನೀನು.

ಮರುದಿನ ಬೆಳಗ್ಗೆ ಆ ಮಷೀನನ್ನು ನಾನೇ ತೊಳೆಯಲು ಕೂತೆ. ತಳದಲ್ಲಿ ಒಂದು ಮೆಣಸಿನ ಬೀಜ ಅಂಟಿತ್ತು. ಉಗುರಿನಿಂದ ಕಿತ್ತು ಬಚ್ಚಲಿಗೆ ಬಿಟ್ಟೆ. ತಲೆಯೆತ್ತಿದರೆ ಬಾಗಿಲಲ್ಲಿ ಅತ್ತೆ. “ನೀ ಹೇಳ್ತಿ ಅಂತ ತಿಳಕೊಂಡಿದ್ದೆ” ಎಂದರು. ಅಷ್ಟೇ. ಬಯ್ಯಲಿಲ್ಲ. ಬೈದಿದ್ದರೆ ನಾನೂ ಒಂದು ಮಾತು ಎದುರಾಡಿ ಹಗುರಾಗುತ್ತಿದ್ದೆನೇನೋ. ರೇಣುಕಾಳ ಸಿಟ್ಟು ಇಳಿಯಲಿ, ಹೇಳುತ್ತೇನೆ ಎಂದೆ. ನಿನ್ನ ಸಿಟ್ಟು ಇಳಿಯುವ ಮೊದಲೇ ಅತ್ತೆ ಬಟ್ಟೆ ಕಟ್ಟಿಕೊಂಡು ಕುಪ್ಪೇಲೂರಿನ ಮಗಳ ಮನೆಗೆ ಹೋದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಿದ್ದೆವು. ಅತ್ತೆ ಎಲ್ಲಿ ಎಂದು ಕೇಳಿದವರಿಗೆ, ಹವಾ ಬದಲಾಗಲಿ ಎಂದು ಹೋಗ್ಯಾರ್ರಿ ಎಂದು ನಾನೇ ನಗುತ್ತ ಹೇಳಿದೆ. ಕೊಟ್ಟ ಮಾತಿಗೆ ಕಟ್ಟುಬಿದ್ದು ಅವರು ನನ್ನ ಹೆಸರು ಎತ್ತಲಿಲ್ಲ. ಆ ಮಾತಿನ ಮರೆಯಲ್ಲೇ ನಾನು ಅವರನ್ನು ಕೈಬಿಟ್ಟೆ.

ಇಷ್ಟು ವರ್ಷ ಸುಮ್ಮನಿದ್ದವಳು ಇಂದೇಕೆ ಹೇಳುತ್ತೀಯ ಎಂದು ನೀನು ಕೇಳುತ್ತೀ. ಮೊನ್ನೆ ಅತ್ತೆ ಬಂದಿದ್ದರಲ್ಲ, ಶೇಂಗಾ ಉಂಡೆ ಕಟ್ಟಿಕೊಂಡು. ನೀನು ಒಳಗಿದ್ದೆ. ನಿನ್ನ ಮಗಳು ಉಂಡೆಯನ್ನು ಕೈಯಲ್ಲಿ ಹಿಡಿದು, “ಅಜ್ಜಿ, ಇದರಾಗ ಏನರ ಹಾಕೀ ಏನ?” ಎಂದು ಕೇಳಿತು. ಕೂಸಿನ ತಪ್ಪಲ್ಲ. ನಮ್ಮ ಮನೆಯಲ್ಲಿ ಕೇಳಿ ಕೇಳಿ ಕಲಿತ ಮಾತು ಅದು. ಅತ್ತೆ ಮತ್ತೆ ನನ್ನನ್ನು ನೋಡಿದರು — ಅದೇ ನೋಟ. ನಾನು ಆಗಲೂ —

ಆಗಲೂ ಬಾಯಿಬಿಡಲಿಲ್ಲ. ಅತ್ತೆ ಉಂಡೆಯನ್ನು ಮುರಿದು ಅರ್ಧ ತಾವು ತಿಂದು ತೋರಿಸಿ, ಉಳಿದರ್ಧ ಮೊಮ್ಮಗಳ ಕೈಗಿಟ್ಟರು.

ನನ್ನನ್ನು ಕ್ಷಮಿಸು ಎನ್ನುವುದಿಲ್ಲ. ನಾಳೆ ಕುಪ್ಪೇಲೂರಿಗೆ, ಅತ್ತೆಯ ಬಳಿಗೆ ಹೋಗುತ್ತೇನೆ. ಬರುವುದು ಬಿಡುವುದು ನಿನಗೆ ಬಿಟ್ಟದ್ದು. ಆದರೆ ಇಂದೇ ಮಗಳಿಗೆ ಹೇಳು, ಅಜ್ಜಿ ಏನೂ ಹಾಕಿರಲಿಲ್ಲ, ದೊಡ್ಡವ್ವ ಹಾಕಿದ್ದಳು ಎಂದು. ದಿನಾ ನನ್ನ ಕೈತುತ್ತು ತಿನ್ನುತ್ತದೆ ಆ ಕೂಸು. ಏನು ಹಾಕಿದ್ದೀ ಎಂದು ನನ್ನನ್ನು ಒಮ್ಮೆಯೂ ಕೇಳಿಲ್ಲ.