ಓದದೆ ಬಿಟ್ಟ ಹಾಳೆ

ಮಂಗಳಿಯ ಮಗಳು ಸುಕ್ರಿಯನ್ನು ದಾಸ್ಯಕ್ಕೆ ಕಳಿಸಿದವನು ನಾನು. ಒಡೆಯರಲ್ಲ, ಶಾಸ್ತ್ರವಲ್ಲ — ನಾನು. ಇದನ್ನು ಹೇಳಿದಾಗಲೆಲ್ಲ ಯಾರಾದರೊಬ್ಬರು ಸಮಾಧಾನ ಮಾಡಲು ಬರುತ್ತಾರೆ: ಬರೆದದ್ದನ್ನು ಓದಿದಿರಿ, ನಿಮ್ಮದೇನು ತಪ್ಪು ಎಂದು. ಆ ಸಮಾಧಾನ ನನಗೆ ಬೇಡ.

ಐವತ್ತರ ದಶಕದ ಕೊನೆ. ಹಿರೇಗುತ್ತಿಯ ಒಡೆಯರೊಬ್ಬರ ಮನೆಯಲ್ಲಿ ನಾನು ಪುರಾಣ ಓದುತ್ತಿದ್ದೆ. ಮಂಗಳಿ ಆ ಮನೆಯ ಹುಟ್ಟಾಳು. ಅವಳ ತಾಯಿ, ಅಜ್ಜಿ ಎಲ್ಲರೂ ಅಲ್ಲಿಯೇ ದುಡಿದು ಸತ್ತವರು. ಒಡೆಯರ ಮಗಳಿಗೆ ಭಟ್ಕಳದ ಕಡೆ ಮದುವೆ ಗೊತ್ತಾದಾಗ, ಹದಿಮೂರು ವರ್ಷದ ಸುಕ್ರಿಯೂ ಮದುಮಗಳ ಹಿಂದೆ ಹೋಗಬೇಕೆಂದಾಯಿತು — ಪಾತ್ರೆ, ಪೆಟ್ಟಿಗೆ ಹೋದ ಹಾಗೆ. ಮಂಗಳಿ ಜೀವಮಾನದಲ್ಲಿ ಮೊದಲ ಸಲ ಆಗುವುದಿಲ್ಲ ಎಂದಳು. ಅಂಗಳದಲ್ಲಿ ನಿಂತು ನನ್ನ ಕಡೆ ತಿರುಗಿದಳು.

"ಭಟ್ರೇ, ನಂಗೆ ಓದೂಕೆ ಬರೂದಿಲ್ಲ. ನನ್ನ ಮಗ್ಳು ನನ್ನವ್ಳಲ್ಲ ಅಂತ ನಿಮ್ಮ ಪುಸ್ತಕದಲ್ಲಿ ಬರ್ದದ್ಯಾ? ನೋಡಿ ಹೇಳಿ."

"ಓದಿ ಭಟ್ರೆ, ಶಾಸ್ತ್ರ ಎಂತ ಹೇಳ್ತು?" ಎಂದರು ಒಡೆಯರು, ನಗುತ್ತ.

ಧರ್ಮಶಾಸ್ತ್ರದ ಪುಸ್ತಕ ತೆರೆದೆ. ದಾಸಿಯ ಹೊಟ್ಟೆಯಲ್ಲಿ ಹುಟ್ಟಿದ್ದು ಒಡೆಯನ ಮನೆಗೇ ಸೇರಿದ್ದು ಎಂಬ ಅರ್ಥದ ಮಾತು ಅಲ್ಲಿತ್ತು. ಓದಿದೆ. ಹಾಳೆ ಮಗುಚಿದರೆ ದಾಸರನ್ನು ಬಿಡಿಸುವ ವಿಧಿ — ಒಡೆಯನಾದವನು ಆಳಿನ ಹೆಗಲ ಮೇಲಿನ ನೀರಿನ ಕೊಡವನ್ನು ತೆಗೆದು ಒಡೆದು, ನೀನಿನ್ನು ದಾಸನಲ್ಲ ಎಂದು ಮೂರು ಸಲ ಸಾರಬೇಕು. ನನಗದು ಬಾಯಿಪಾಠವಾಗಿತ್ತು. ಆದರೂ ಪುಸ್ತಕ ಮುಚ್ಚಿದೆ.

"ಇಷ್ಟೇ ಇರೂದು, ಮಂಗಳಿ. ಕಳ್ಸು."

ಹೊಟ್ಟೆಪಾಡಿನ ಹೆದರಿಕೆಯಿಂದ ಹಾಗೆಂದೆ ಎಂದು ಬಹಳ ಕಾಲ ಹೇಳಿಕೊಂಡೆ. ಸುಳ್ಳು. ಆ ಮಧ್ಯಾಹ್ನ ನನಗೆ ಯಾವ ಹೆದರಿಕೆಯೂ ಇರಲಿಲ್ಲ. ಅಂಗಳದ ತುಂಬ ಜನ, ನನ್ನ ಮಾತೇ ಕೊನೆಯ ಮಾತು — ಅದು ಹಿತವಾಗಿತ್ತು.

ಮದುಮಗಳ ಹಿಂದೆ ಹೋದ ಸುಕ್ರಿ ಎರಡನೆಯ ವರ್ಷ ಅಲ್ಲಿಯೇ ಜ್ವರ ಬಂದು ಸತ್ತಳು. ಮಂಗಳಿಗೆ ಸುದ್ದಿ ಮುಟ್ಟಿದ್ದು ಮಣ್ಣು ಮಾಡಿಯಾದ ಮೇಲೆ.

ಮುಂದಿನ ಚಾತುರ್ಮಾಸ್ಯದಲ್ಲಿ, ಜಗಲಿ ತುಂಬ ಜನ ಕೂತಿದ್ದಾಗ, ಪುರಾಣವನ್ನು ಪಕ್ಕಕ್ಕಿಟ್ಟು, ಅಂದು ಓದದೆ ಬಿಟ್ಟ ಆ ಹಾಳೆಯನ್ನು ಓದಿದೆ. ಒಡೆಯರು, "ಸಾಕು, ಪುಸ್ತಕ ಮುಚ್ಚಿ" ಎಂದರು.

"ಮುಚ್ತಿಲ್ಲೆ" ಎಂದೆ. "ಇದು ಬರೆದಿರದಿದ್ರೂ ಮಂಗಳಿಯ ಮಗಳು ಅವಳದ್ದೇ ಆಗಿತ್ತು. ಅದನ್ನ ಹೇಳಲೆ ಪುಸ್ತಕ ಬೇಕಾಗಿತ್ತಿಲ್ಲೆ."

ಅಂಗಳದ ತುದಿಯಿಂದ ಮಂಗಳಿ ಕೇಳಿದಳು, "ಆವತ್ತೂ ಇತ್ತಾ ಇದು?"

"ಇತ್ತು."

ಅವಳು ಎದ್ದು ನಡೆದಳು. ಆ ಮನೆಗೆ ಮತ್ತೆ ಬರಲಿಲ್ಲ. ನನಗೂ ಅಲ್ಲಿಯ ಪುರಾಣ ತಪ್ಪಿತು, ಊರಿನವರೂ ಕರೆಯುವುದನ್ನು ಬಿಟ್ಟರು. ಅದನ್ನು ನಾನು ಶಿಕ್ಷೆಯೆಂದು ಎಣಿಸಿಲ್ಲ. ಸುಕ್ರಿಗೆ ಅದರಿಂದ ಆದದ್ದೇನು?

ಕೆಲವು ವರ್ಷಗಳ ನಂತರ ಕುಮಟೆಯ ಪೇಟೆಯಲ್ಲಿ ಮಂಗಳಿ ಎದುರಾದಳು, ತಲೆಯ ಮೇಲೆ ಒಣಮೀನಿನ ಬುಟ್ಟಿ. ಕ್ಷಮೆ ಕೇಳಲು ಬಾಯಿ ತೆರೆದವನು ಹಾಗೆಯೇ ನಿಂತೆ — ಕೇಳಿದರೆ, ಕ್ಷಮಿಸುವ ಕೆಲಸವನ್ನೂ ಅವಳಿಗೇ ಹಚ್ಚಿದಂತೆ. ಹಿಂದೆಲ್ಲ ನನ್ನನ್ನು ಕಂಡರೆ ದಾರಿ ಬಿಟ್ಟು ನಿಲ್ಲುತ್ತಿದ್ದವಳು ಅಂದು ಸರಿಯಲಿಲ್ಲ.

ನಾನು ಸರಿದೆ.